ಹಲ್ಲು ಕೀಳಿಸುವ ಮೊದಲು ದವಡೆಯನ್ನು ವಿಚಾರಿಸಿ

ದಿನವಿಡೀ ಟಿಲ್ಲರ್ ಹಿಡಿದು ಗದ್ದೆ ಉತ್ತು ಬಂದ ಸಂಜೆ ಕೆನ್ನೆ ಬಿಗಿದುಕೊಂಡಿರುವುದನ್ನು ನೀವು ಗಮನಿಸಿದ್ದೀರಾ? ಶಿರಂಗಾಲದಂತಹ ಕಾವೇರಿ ದಡದ ಊರುಗಳಲ್ಲೂ ಎತ್ತಿನ ಕೆಲಸವನ್ನು ಯಂತ್ರಗಳು ಮಾಡುತ್ತಿವೆ. ಕೈ ಜೋಮು ಹಿಡಿದರೆ, ಸೊಂಟ ನೋಯ್ದರೆ ನಾವು ಯಂತ್ರವನ್ನು ದೂರುತ್ತೇವೆ. ದವಡೆ ನೋಯ್ದರೆ ಮಾತ್ರ ಹಲ್ಲನ್ನು ದೂರುತ್ತೇವೆ. ಲವಂಗದೆಣ್ಣೆ ಹಚ್ಚುತ್ತೇವೆ, ಕಡೆಗೆ ಕೀಳಿಸಲೂ ಸಿದ್ಧರಾಗುತ್ತೇವೆ. ಇದು ಸರಿಯಲ್ಲ.

ಕೆನ್ನೆಯ ಹಿಂಭಾಗದಲ್ಲಿ ಬೆರಳಿಟ್ಟು ಹಲ್ಲು ಕಚ್ಚಿ ನೋಡಿ. ಅಲ್ಲಿ ಉಬ್ಬುವುದೇ ಬಾಯಿ ಮುಚ್ಚಿಸುವ ಸ್ನಾಯು. ಎಳೆತವನ್ನು ಗುರುತಿಸುವ ಸೂಕ್ಷ್ಮ ಅಂಗಗಳು ಅದರೊಳಗಿವೆ. ಸ್ನಾಯು ಕೊಂಚ ಎಳೆದರೂ ಅವು ಮೆದುಳಿನ ಕಾಂಡಕ್ಕೆ ಸುದ್ದಿ ಮುಟ್ಟಿಸುತ್ತವೆ. 'ಬಿಗಿಯಾಗು' ಎಂಬ ಆಜ್ಞೆ ನಾವು ಯೋಚಿಸುವ ಮೊದಲೇ ಅಲ್ಲಿಂದ ಮರಳುತ್ತದೆ.

ಕಂಪನವು ಈ ಅಂಗಗಳನ್ನು ಮೋಸಗೊಳಿಸುತ್ತದೆ. ಸೆಕೆಂಡಿಗೆ ಸುಮಾರು 100 ಬಾರಿ ಅದುರುವ ಸಾಧನವನ್ನು ದವಡೆಗೆ ಹಿಡಿದರೆ, ಒಂದೊಂದು ಅದುರನ್ನೂ ಅವು ಎಳೆತವೆಂದೇ ವರದಿ ಮಾಡುತ್ತವೆ. ಸ್ನಾಯು ತಾನಾಗಿ ಬಿಗಿಯುತ್ತದೆ. ಸ್ವೀಡನ್ನಿನ ವಿಜ್ಞಾನಿಗಳು 1966ರಲ್ಲಿ ಈ ಬಗೆಯ ಬಿಗಿತವನ್ನು ವಿವರಿಸಿದರು. 1975ರಲ್ಲಿ ಬೆಲ್ಜಿಯಂನ ಗೋಡೋ ಮತ್ತು ಡೆಸ್ಮೆಡ್ತ್ ದವಡೆಯ ಸ್ನಾಯುವಿನಲ್ಲಿ ಅದನ್ನು ಪರೀಕ್ಷಿಸಿದರು. ಸಮಾಧಾನದ ಸಂಗತಿಯೆಂದರೆ, ಈ ಬಿಗಿತವನ್ನು ಮನಸ್ಸು ಮಾಡಿ ಸಡಿಲಿಸಬಹುದು.

ಟಿಲ್ಲರಿನ ಅದುರು ಕೈಯ ಮೂಲಕ ಬರುವಂಥದ್ದು, ಪ್ರಯೋಗದಷ್ಟು ನೇರವಲ್ಲ ನಿಜ. ಆದರೆ ಹಿಡಿ ಬಿಗಿ ಮಾಡಿದವರು ಅರಿವಿಲ್ಲದೆ ಹಲ್ಲನ್ನೂ ಕಚ್ಚುತ್ತಾರೆ. ಆದ್ದರಿಂದ 'ಯಾವ ಹಲ್ಲು ನೋಯುತ್ತದೆ?' ಎಂದು ಕೇಳುವ ವೈದ್ಯರು 'ಏನು ಕೆಲಸ ಮಾಡುತ್ತೀರಿ?' ಎಂದೂ ಕೇಳಬೇಕು. ಕೇಳದಿದ್ದರೆ ನೀವೇ ಹೇಳಿ. ರಾತ್ರಿ ಹಲ್ಲು ಕಡಿಯುವ ಅಭ್ಯಾಸವಿದ್ದರೆ, ಅದನ್ನು ಮನೆಯವರಿಂದ ತಿಳಿದು ಹೇಳಿ.

ತುಟಿ ಮುಚ್ಚಿರಲಿ, ಹಲ್ಲುಗಳು ತಾಗದಿರಲಿ. ಅಗಿಯುವಾಗ, ನುಂಗುವಾಗ ಬಿಟ್ಟರೆ ಮೇಲಿನ ಮತ್ತು ಕೆಳಗಿನ ಹಲ್ಲುಗಳ ನಡುವೆ 2ರಿಂದ 4 ಮಿಲಿಮೀಟರ್ ಅಂತರ ಇರುವುದೇ ಸಹಜ. ಪ್ರತಿ ಸಾಲಿನ ಕೊನೆಯಲ್ಲಿ ಯಂತ್ರ ತಿರುಗಿಸುವಾಗ ಇದನ್ನೊಮ್ಮೆ ನೆನೆಯಿರಿ. ಸಂಜೆ ಕೆನ್ನೆಗೆ ಬಿಸಿನೀರಿನ ಬಟ್ಟೆಯ ಶಾಖ ಕೊಡಿ.

ಆದರೆ ಎರಡು ಸಂದರ್ಭಗಳಲ್ಲಿ ಕಾಯಬೇಡಿ. ಗಾಯವಾದ ಮೇಲೆ ಬಾಯಿ ತೆರೆಯಲಾಗದಿದ್ದರೆ ಅದು ಧನುರ್ವಾಯು ಇರಬಹುದು. ದವಡೆ ನೋವಿನ ಜೊತೆ ಎದೆ ಹಿಡಿದಂತಾಗಿ ಬೆವರಿದರೆ ಅದು ಹೃದಯದ ತೊಂದರೆ ಇರಬಹುದು. ಕೂಡಲೇ ಆಸ್ಪತ್ರೆಗೆ ಹೋಗಿ.

ಹುಳುಕು ಹಲ್ಲಿಗೆ ಚಿಕಿತ್ಸೆ ಬೇಕೇ ಬೇಕು. ತಪ್ಪು ಮಾಡದ ಹಲ್ಲಿಗೆ ಶಿಕ್ಷೆ ಬೇಡ.