ಏಳದ ಗಣಕಯಂತ್ರ

ಈ ತಿಂಗಳು ಮಳೆಗಾಲದಲ್ಲಿ ಉಪ್ಪಿನಕಾಯಿಯ ಭರಣಿಗಳನ್ನು ಕಾಪಾಡುವ ಬಗೆಯನ್ನು ಕುರಿತು ಬರೆಯಬೇಕೆಂದು ಸಂಕಲ್ಪಿಸಿದ್ದೆವು. ಅಷ್ಟರಲ್ಲಿ ನೆರೆಮನೆಯಲ್ಲಿ ನಡೆದ ಒಂದು ಸಂಗತಿಯು ನಮ್ಮ ಲೇಖನಿಯನ್ನು ಬೇರೆ ಕಡೆಗೆ ತಿರುಗಿಸಿತು. ವಾಚಕರಲ್ಲಿ ಅನೇಕರ ಮನೆಗಳಲ್ಲಿ ಈಗ ಗಣಕಯಂತ್ರವಿರುವುದರಿಂದಲೂ, ಅದು ಒಂದಲ್ಲ ಒಂದು ದಿನ ಏಳದೆ ಮಲಗಿಬಿಡುವುದು ನಿಶ್ಚಯವಾದುದರಿಂದಲೂ, ಈ ವಿಷಯವು ಅಪ್ರಸ್ತುತವಾಗಲಾರದೆಂದು ಭಾವಿಸಿದ್ದೇವೆ.

ನಾವಿರುವುದು ಸಾಗರದ ಸೀಮೆಯಲ್ಲಿ. ಆಷಾಢದ ಮಳೆ ಹಿಡಿಯಿತೆಂದರೆ ಇಲ್ಲಿ ಗೋಡೆಗಳೂ ಬೆವರುವುವು, ಪುಸ್ತಕಗಳಿಗೂ ಬೂಷ್ಟು ಹಿಡಿಯುವುದು. ಅಂಥದೊಂದು ಸಾಯಂಕಾಲ ನೆರೆಮನೆಯ ಗೃಹಿಣಿಯು ಕೊಡೆಯನ್ನು ಜಗುಲಿಯಲ್ಲಿಟ್ಟು ಒಳಗೆ ಬಂದು, “ಮೇಷ್ಟ್ರೇ, ನಮ್ಮ ಕಂಪ್ಯೂಟರ್ ಏಳುವುದೇ ಇಲ್ಲ. ಪೇಟೆಯ ರಿಪೇರಿಯವನಿಗೆ ಫೋನು ಮಾಡಿದರೆ, ವಿಂಡೋಸ್ ಹೋಗಿರಬೇಕು, ಫಾರ್ಮ್ಯಾಟ್ ಮಾಡಬೇಕು ಅಂದ. ಮಾಡಿಸಲೋ ಬೇಡವೋ?” ಎಂದು ಕೇಳಿದರು. ಫಾರ್ಮ್ಯಾಟ್ ಎಂದರೇನೆಂಬುದು ಅವರಿಗೆ ತಿಳಿದಿರಲಿಲ್ಲ. ಬೆಳೆ ನಿಂತ ಹೊಲವನ್ನು ಉತ್ತು ಹೊಸ ಬಿತ್ತನೆಗೆ ಅಣಿಮಾಡುವಂತೆ, ಡಿಸ್ಕಿನಲ್ಲಿರುವುದನ್ನೆಲ್ಲ ತೆಗೆದು ಹೊಸದಾಗಿ ಸಿದ್ಧಪಡಿಸುವುದೆಂದು ನಾವು ಹೇಳಿದ ಕೂಡಲೇ ಅವರ ಮುಖವು ಬಾಡಿತು. “ಹಾಗಾದರೆ ಅತ್ತೆಯವರ ಹಾಡುಗಳು?” ಎಂದರು.

ಅವರ ಯಜಮಾನರು ತೀರಿಕೊಂಡು ಮೂರು ವರ್ಷಗಳಾದವು. ಅವರು ಬದುಕಿದ್ದಾಗ ತಮ್ಮ ತಾಯಿಯನ್ನು ಎದುರಿಗೆ ಕೂರಿಸಿಕೊಂಡು, ನಾಲ್ಕು ಸಂಜೆಗಳಲ್ಲಿ ೪೩ ಸೋಬಾನೆ ಹಾಡುಗಳನ್ನು ಹಾಡಿಸಿ, ಆ ಯಂತ್ರದಲ್ಲಿ ಸಂಗ್ರಹಿಸಿಟ್ಟಿದ್ದರು. ಎಣ್ಣೆ ಹಚ್ಚುವಾಗಿನದು, ಹಸೆಗೆ ಕರೆಯುವುದು, ಹೆಣ್ಣೊಪ್ಪಿಸುವುದು, ಎಲ್ಲವೂ ಅದರಲ್ಲಿದ್ದವು. ಆ ವೃದ್ಧೆಯೂ ಈಗಿಲ್ಲ. ಮಾರ್ಗಶಿರದಲ್ಲಿ ಮೊಮ್ಮಗಳ ಮದುವೆ; ಹಸೆಗೆ ಕರೆಯುವಾಗ ಅಜ್ಜಿಯ ಧ್ವನಿಯೇ ಕೇಳಬೇಕೆಂದು ಹುಡುಗಿಯ ಹಠ. ಇನ್ನೊಂದು ಪ್ರತಿಯು ಎಲ್ಲಿಯೂ ಇರಲಿಲ್ಲ.

ಇಂಥ ನಷ್ಟವನ್ನು ನಾವೇ ಒಮ್ಮೆ ಅನುಭವಿಸಿದವರು. ಹಿಂದೆ ನಮ್ಮ ಯಂತ್ರವು ನಿಂತಾಗ, ಬಂದಾತನು ಫಾರ್ಮ್ಯಾಟ್ ಮಾಡಲೇ ಎಂದನು, ನಾವು ಆಗಲಿ ಎಂದೆವು. ಏಳೆಂಟು ವರ್ಷ ಕೂಡಿಸಿದ್ದ ಧಾತುಕೋಶದ ಟಿಪ್ಪಣಿಗಳು ಒಂದು ಮಧ್ಯಾಹ್ನದಲ್ಲಿ ಹೋದವು. ಆತನನ್ನು ದೂರುವುದಕ್ಕೆ ನಮಗೆ ಬಾಯಿಲ್ಲ. ಆತನು ಕೇಳಿಯೇ ಕೇಳಿದ್ದನು. ಕೇಳಿದ್ದರ ಅರ್ಥವನ್ನು ತಿಳಿಯದೆ ತಲೆಯಾಡಿಸಿದವರು ನಾವು.

ಯಂತ್ರವು ಏಳುವುದಕ್ಕೆ ಒಂದು ಕ್ರಮವುಂಟು. ಆ ಕ್ರಮದಲ್ಲಿ ಅದು ಎಲ್ಲಿಯವರೆಗೆ ಬಂದು ನಿಂತಿತೆಂಬುದನ್ನು ಕಂಡುಕೊಂಡರೆ ಅರ್ಧ ನಿದಾನವು ಆದಂತೆಯೇ. ಇಂಗ್ಲಿಷಿನಲ್ಲಿ ಈ ಏಳುವ ಕ್ರಿಯೆಗೆ ಬೂಟ್ ಎನ್ನುತ್ತಾರೆ. ಪಾದರಕ್ಷೆಯ ಹೆಸರು ಇಲ್ಲಿಗೆ ಹೇಗೆ ಬಂದಿತೆಂದು ನಮಗೆ ಬಹುಕಾಲ ಸಂಶಯವಿದ್ದಿತು. ಬೂಟಿನ ಹಿಂಬದಿಯ ಪಟ್ಟಿಯನ್ನು ಹಿಡಿದು ತನ್ನನ್ನು ತಾನೇ ಮೇಲಕ್ಕೆತ್ತಿಕೊಳ್ಳುವುದೆಂಬ ಆ ಜನರ ನುಡಿಗಟ್ಟಿನಿಂದ ಬಂದುದಂತೆ. ಎಷ್ಟು ಪಳಗಿದ ನಟನಾದರೂ ತನ್ನ ಹೆಗಲನ್ನು ತಾನೇ ಏರಲಾರನೆಂದು ನಮ್ಮ ಶಾಸ್ತ್ರಕಾರರು ಹೇಳುತ್ತಾರಷ್ಟೆ. ಗಣಕಯಂತ್ರದ ಕಷ್ಟವೂ ಅದೇ. ಡಿಸ್ಕಿನಲ್ಲಿರುವ ಆದೇಶಗಳನ್ನು ಓದಬೇಕಾದರೆ, ಓದುವುದು ಹೇಗೆಂಬ ಆದೇಶವು ಮೊದಲೇ ಬೇಕು. ಅದೂ ಡಿಸ್ಕಿನಲ್ಲಿಯೇ ಇದ್ದರೆ ಆತ್ಮಾಶ್ರಯದೋಷವು ಬರುತ್ತದೆ. ಇದರ ಪರಿಹಾರಕ್ಕಾಗಿ ಮದರ್‌ಬೋರ್ಡಿನ ಮೇಲಿನ ಒಂದು ಚಿಕ್ಕ ಚಿಪ್ಪಿನಲ್ಲಿ, ವಿದ್ಯುತ್ತು ಹೋದರೂ ಅಳಿಯದಂತೆ, ಕಿರಿದಾದ ಒಂದು ಪ್ರೋಗ್ರಾಮನ್ನು ಬರೆದಿಟ್ಟಿರುತ್ತಾರೆ. ೧೯೮೧ರಲ್ಲಿ ಐಬಿಎಂ ಕಂಪೆನಿಯು ಹೊರತಂದ ಪರ್ಸನಲ್ ಕಂಪ್ಯೂಟರಿನಲ್ಲಿ ಅದಕ್ಕೆ ಬಯಾಸ್ ಎಂಬ ಹೆಸರಿದ್ದಿತು. ಈಚಿನ ಯಂತ್ರಗಳಲ್ಲಿ ಆ ಸ್ಥಾನಕ್ಕೆ ಯುಇಎಫ್‌ಐ ಎಂಬುದು ಬಂದಿದೆ. ಗುಂಡಿಯನ್ನು ಒತ್ತಿದೊಡನೆ ಮೊದಲು ಎಚ್ಚರಗೊಳ್ಳುವುದು ಇದು. ಇದು ಪ್ರೊಸೆಸರು, ರ್ಯಾಮು, ಚಿತ್ರ ತೋರಿಸುವ ಅಂಗ ಮುಂತಾದವು ನೆಟ್ಟಗಿವೆಯೇ ಎಂದು ಪರೀಕ್ಷಿಸಿ, ಅನಂತರವೇ ಡಿಸ್ಕನ್ನು ಹುಡುಕಿ, ಅದರಲ್ಲಿರುವ ವಿಂಡೋಸಿಗೋ ಲಿನಕ್ಸಿಗೋ ಅಧಿಕಾರವನ್ನು ಒಪ್ಪಿಸಿ ತಾನು ಹಿಂದೆ ಸರಿಯುತ್ತದೆ.

ಇದರಿಂದ ಫಲಿಸುವುದೇನೆಂದರೆ, ಪರದೆಯ ಮೇಲೆ ಒಂದು ಅಕ್ಷರವಾಗಲಿ ತಯಾರಕನ ಮುದ್ರೆಯಾಗಲಿ ಕಾಣಿಸಿಕೊಳ್ಳದಿರುವಾಗ ಯಂತ್ರವು ಪ್ರಾಯಶಃ ಡಿಸ್ಕಿನ ಬಾಗಿಲಿಗೆ ಹೋಗಿಯೇ ಇರುವುದಿಲ್ಲ. ಹಾಗಿರುವಲ್ಲಿ ಡಿಸ್ಕನ್ನು ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕುವುದೆಂದರೆ ಕಾಲು ಉಳುಕಿದವನಿಗೆ ಕಣ್ಣಿನ ಶಸ್ತ್ರಚಿಕಿತ್ಸೆ ಮಾಡಿದಂತೆ. ನೆರೆಮನೆಯವರನ್ನು ನಾವು ಕೇಳಿದ ಮೊದಲ ಪ್ರಶ್ನೆಯೇ ಪರದೆಯಲ್ಲಿ ಏನಾದರೂ ಕಾಣುತ್ತದೆಯೇ ಎಂಬುದು. “ಏನೂ ಇಲ್ಲ, ಬರೀ ಕಪ್ಪು. ಒಳಗೆ ಫ್ಯಾನು ತಿರುಗುವ ಸದ್ದು ಕೇಳುತ್ತದೆ, ಬೀಪ್ ಬೀಪ್ ಎಂದು ಉದ್ದಕ್ಕೆ ಕೂಗುತ್ತದೆ,” ಎಂದರು. ಹಾಡುಗಳು ಉಳಿದಿರಬಹುದೆಂಬ ಆಸೆ ನಮಗೆ ಅಲ್ಲಿಯೇ ಹುಟ್ಟಿತು. ಮಾರನೆಯ ಬೆಳಿಗ್ಗೆ ಬರುತ್ತೇವೆ, ಅಲ್ಲಿಯವರೆಗೆ ಅದರ ತಂಟೆಗೆ ಹೋಗಬೇಡಿರೆಂದು ಹೇಳಿ ಕಳುಹಿಸಿದೆವು.

ಫ್ಯಾನೂ ತಿರುಗದೆ ದೀಪವೂ ಹತ್ತದೆ ಇದ್ದಿದ್ದರೆ ವಿದ್ಯುತ್ತಿನಿಂದ ಆರಂಭಿಸಬೇಕಾಗುತ್ತಿತ್ತು. ಅದನ್ನೂ ಇಲ್ಲಿ ಹೇಳಿಬಿಡುತ್ತೇವೆ. ಗೋಡೆಯ ಸಾಕೆಟ್ಟಿಗೆ ಬೇರೊಂದು ದೀಪವನ್ನು ಸಿಕ್ಕಿಸಿ ನೋಡತಕ್ಕದ್ದು. ನಡುವೆ ಯುಪಿಎಸ್ ಇದ್ದರೆ ಅದನ್ನು ಬಿಟ್ಟು ನೇರವಾಗಿ ಗೋಡೆಗೆ ಸಿಕ್ಕಿಸಿ ನೋಡತಕ್ಕದ್ದು. ಅದರ ಬ್ಯಾಟರಿ ಸತ್ತುಹೋಗಿ ಕಂಪ್ಯೂಟರಿಗೆ ಅಪವಾದ ಬರುವುದು ನಮ್ಮ ಊರಿನಲ್ಲಿ ಸರ್ವಸಾಧಾರಣ. ಪೆಟ್ಟಿಗೆಯ ಹಿಂಬದಿಯಲ್ಲಿ ಒಂದು ಸಣ್ಣ ಸ್ವಿಚ್ಚಿರುವುದುಂಟು. ಕಸ ಗುಡಿಸುವಾಗ ಅದು ಆರಿಹೋಗಿರುವುದೂ ಉಂಟು. ಇಷ್ಟಾದರೂ ಜೀವ ಬಾರದಿದ್ದರೆ ವೈರನ್ನು ಕಿತ್ತು, ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದು, ಒಳಗೆ ಉಳಿದ ವಿದ್ಯುತ್ತನ್ನು ಹರಿಯಬಿಟ್ಟು ಪುನಃ ಪ್ರಯತ್ನಿಸಬಹುದು. ಲ್ಯಾಪ್‌ಟಾಪುಗಳಲ್ಲಿಯೂ ಚಾರ್ಜರನ್ನು ತೆಗೆದು ಹೀಗೆಯೇ ಮಾಡಿದರೆ ಎಷ್ಟೋ ಸಲ ಏಳುತ್ತವೆ. ಅದಕ್ಕೂ ಜಗ್ಗದಿದ್ದರೆ ೨೩೦ ವೋಲ್ಟಿನ ಮನೆಯ ವಿದ್ಯುತ್ತನ್ನು ೧೨, ೫, ೩.೩ ವೋಲ್ಟುಗಳಿಗೆ ಇಳಿಸಿಕೊಡುವ ಎಸ್‌ಎಂಪಿಎಸ್ ಎಂಬ ಡಬ್ಬಿಯ ಮೇಲೆ ಸಂಶಯ ಬರುತ್ತದೆ. ಅದನ್ನು ಬದಲಾಯಿಸಿ ನೋಡಬಹುದೇ ಹೊರತು ಆ ಡಬ್ಬಿಯನ್ನು ಮನೆಯಲ್ಲಿ ಸರ್ವಥಾ ಬಿಚ್ಚಕೂಡದು. ವೈರನ್ನು ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರುಗಳಲ್ಲಿ ಪ್ರಾಣಕ್ಕೆ ಅಪಾಯವಾಗುವಷ್ಟು ವಿದ್ಯುತ್ತು ನಿಂತಿರಬಹುದು.

ಮಾರನೆಯ ಬೆಳಿಗ್ಗೆ ನಾವು ಟಾರ್ಚು, ಸ್ಕ್ರೂಡ್ರೈವರು, ಮತ್ತು ಪೆನ್ಸಿಲ್ ಅಳಿಸುವ ಒಂದು ರಬ್ಬರಿನೊಡನೆ ಹೋದೆವು. ಮನೆಯ ಕಿರಿಯ ಹುಡುಗನು ಪಿಯುಸಿಯಲ್ಲಿ ಓದುತ್ತಾನೆ. ಚುರುಕು ಕೈ, ಆದರೆ ತಾಳ್ಮೆ ಸಾಲದು. ಮಾನಿಟರಿನ ವೈರನ್ನೂ ಅದರ ದೀಪವನ್ನೂ ಮೊದಲು ನೋಡಿದೆವು, ಸರಿಯಾಗಿದ್ದವು. ಪ್ಲಗ್ಗನ್ನು ಕಿತ್ತು, ಪೆಟ್ಟಿಗೆಯ ಬದಿಯ ತಗಡನ್ನು ತೆಗೆಸಿ, ಒಳಗಿನ ಬಿಡಿಭಾಗವನ್ನು ಮುಟ್ಟುವ ಮೊದಲು ಪೆಟ್ಟಿಗೆಯ ಬಣ್ಣವಿಲ್ಲದ ಲೋಹವನ್ನು ಮುಟ್ಟೆಂದು ಹುಡುಗನಿಗೆ ಹೇಳಿದೆವು. ಮೈಯಲ್ಲಿ ಕೂಡಿದ ಸ್ಥಿರವಿದ್ಯುತ್ತಿನ ಒಂದು ಕಿಡಿಯು, ನಮಗೆ ತಿಳಿಯದಷ್ಟು ಅಲ್ಪವಾದರೂ, ಚಿಪ್ಪನ್ನು ಕೆಡಿಸಬಲ್ಲದು.

ಉದ್ದವಾದ ಬೀಪ್ ಪದೇ ಪದೇ ಬರುವುದು ಸಾಮಾನ್ಯವಾಗಿ ರ್ಯಾಮಿನ ದೂರು. ತಯಾರಕರಿಂದ ತಯಾರಕರಿಗೆ ಈ ಸಂಕೇತಗಳು ಬೇರೆಯಾಗುವುದರಿಂದ ಯಂತ್ರದೊಡನೆ ಬಂದ ಪುಸ್ತಿಕೆಯನ್ನು ನೋಡಿಕೊಳ್ಳುವುದು ಒಳ್ಳೆಯದು. ಈ ಯಂತ್ರದಲ್ಲಿ ಎರಡು ರ್ಯಾಮ್ ಪಟ್ಟಿಗಳೂ ಎರಡು ಸ್ಲಾಟುಗಳೂ ಇದ್ದವು. ಹುಡುಗನು ಎರಡನ್ನೂ ಕಿತ್ತು, ರಬ್ಬರಿನಿಂದ ಚಿನ್ನದ ಬಣ್ಣದ ಅಂಚನ್ನು ಉಜ್ಜಿ, ಎರಡನ್ನೂ ಒಟ್ಟಿಗೆ ಸಿಕ್ಕಿಸಿದನು. ಮತ್ತೆ ಬೀಪ್. “ಮದರ್‌ಬೋರ್ಡೇ ಹೋಗಿದೆ ಮೇಷ್ಟ್ರೇ,” ಎಂದುಬಿಟ್ಟನು.

ಇಲ್ಲಿ ನಮಗೆ ಹಳೆಯ ವಿದ್ಯೆಯು ಉಪಯೋಗಕ್ಕೆ ಬಂದಿತು. ಯಾವುದು ಇದ್ದರೆ ದೋಷವಿರುವುದೋ, ಯಾವುದು ಇಲ್ಲದಿದ್ದರೆ ದೋಷವಿಲ್ಲವೋ ಅದೇ ಕಾರಣವೆಂದು ತರ್ಕಶಾಸ್ತ್ರದಲ್ಲಿ ಅನ್ವಯ ವ್ಯತಿರೇಕಗಳಿಂದ ನಿಶ್ಚಯಿಸುತ್ತಾರೆ. ಎರಡನ್ನು ಒಟ್ಟಿಗೆ ಬದಲಾಯಿಸಿದವನಿಗೆ ಇವೆರಡೂ ದೊರೆಯುವುದಿಲ್ಲ. ಪಟ್ಟಿಗಳ ಮೇಲೆ ಪೆನ್ಸಿಲಿನಿಂದ ಅ, ಆ ಎಂದು ಗುರುತು ಮಾಡಿದ ಕಾಗದದ ಚೂರುಗಳನ್ನು ಅಂಟಿಸಿದೆವು. ಅಕಾರದ ಪಟ್ಟಿಯನ್ನು ಮೊದಲನೆಯ ಸ್ಲಾಟಿನಲ್ಲಿಟ್ಟರೆ ಬೀಪ್. ಆಕಾರದ್ದನ್ನು ಅಲ್ಲಿಯೇ ಇಟ್ಟರೂ ಬೀಪ್. ಅಕಾರವನ್ನು ಎರಡನೆಯ ಸ್ಲಾಟಿಗೆ ಬದಲಾಯಿಸಿದಾಗ ಕೂಗು ನಿಂತು ಪರದೆಯ ಮೇಲೆ ತಯಾರಕನ ಮುದ್ರೆ ಮೂಡಿತು. ಹುಡುಗನು ಕುಣಿದಾಡಿದನು. ಅವನನ್ನು ತಡೆದು ಆಕಾರವನ್ನೂ ಅಲ್ಲಿಯೇ ಇಟ್ಟು ನೋಡಿಸಿದೆವು, ಅದೂ ಎದ್ದಿತು. ಪ್ರತಿ ಸಲವೂ ಪ್ಲಗ್ಗನ್ನು ಕಿತ್ತೇ ಪಟ್ಟಿಯನ್ನು ಮುಟ್ಟಿದ್ದೆಂದು ಬೇರೆ ಹೇಳಬೇಕಾಗಿಲ್ಲವಷ್ಟೆ. ದೋಷವು ಪಟ್ಟಿಯನ್ನು ಹಿಂಬಾಲಿಸಲಿಲ್ಲ, ಮೊದಲನೆಯ ಸ್ಲಾಟನ್ನು ಬಿಟ್ಟು ಕದಲಲಿಲ್ಲ. ಟಾರ್ಚಿನ ಬೆಳಕು ಬಿಟ್ಟು ನೋಡಿದರೆ ಆ ಸಂದಿಯಲ್ಲಿ ಕಿರಿಯ ಕೆಂಪಿರುವೆಗಳು ಮೊಟ್ಟೆಗಳನ್ನು ಇಟ್ಟುಕೊಂಡು, ಹೊರಗಿನ ಮಳೆಯಿಂದ ತಪ್ಪಿಸಿಕೊಂಡು ಸುಖವಾಗಿ ಸಂಸಾರ ಮಾಡುತ್ತಿದ್ದವು!

ಆದರೆ ಯಂತ್ರವು ಪೂರ್ಣವಾಗಿ ಏಳಲಿಲ್ಲ. ತಾರೀಖು ಎಷ್ಟೋ ವರ್ಷ ಹಿಂದಿನದಾಗಿದೆಯೆಂದು ದೂರಿ, ಎಫ್ ೧ ಒತ್ತಿರೆಂದು ಬರೆದು ನಿಂತಿತು. ಮದರ್‌ಬೋರ್ಡಿನ ಮೇಲೆ ನಾಣ್ಯದಂತಹ ಒಂದು ಬ್ಯಾಟರಿಯುಂಟು. ಅದರ ಮೇಲೆ ಸಿಆರ್ ೨೦೩೨ ಎಂದು ಬರೆದಿರುತ್ತದೆ, ಹೊಸದಾಗಿದ್ದಾಗ ೩ ವೋಲ್ಟು. ಕರೆಂಟು ಇಲ್ಲದಾಗ ಗಡಿಯಾರವನ್ನು ನಡೆಸುವುದು ಅದರ ಕೆಲಸ. ಹಳೆಯ ಯಂತ್ರಗಳಲ್ಲಿ ಅದು ಬತ್ತಿದರೆ ಡಿಸ್ಕನ್ನು ಯಾವ ರೀತಿಯಲ್ಲಿ ಓದಬೇಕೆಂಬ ಏರ್ಪಾಡೂ ಮರೆತುಹೋಗಿ, ಡಿಸ್ಕು ಕೆಟ್ಟಿದೆಯೆಂಬ ಭ್ರಾಂತಿ ಹುಟ್ಟುವುದುಂಟು. ನಮ್ಮ ಪುಣ್ಯಕ್ಕೆ ಇಲ್ಲಿ ಹಾಗಾಗಿರಲಿಲ್ಲ. ತಾರೀಖನ್ನು ತಿದ್ದಿದ ಮೇಲೆ ವಿಂಡೋಸು ನಿಧಾನವಾಗಿ ಮೇಲೆದ್ದಿತು. ಆ ತಾಯಿಯು ಅಡಿಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತೇ ಇದ್ದರು.

ತಯಾರಕನ ಮುದ್ರೆ ಬಂದ ಮೇಲೆ ನಿಲ್ಲುವ ಯಂತ್ರಗಳ ವಿಷಯವನ್ನು ಎರಡು ಮಾತಿನಲ್ಲಿ ಹೇಳುತ್ತೇವೆ. ಬೂಟ್ ಮಾಡುವ ಡಿಸ್ಕು ಸಿಕ್ಕಲಿಲ್ಲವೆಂಬ ಬರಹ ಬಂದರೆ ಮೊದಲು ಸಿಕ್ಕಿಸಿಟ್ಟ ಪೆನ್‌ಡ್ರೈವನ್ನು ಕೀಳಬೇಕು, ಆಮೇಲೆ ಡಿಸ್ಕಿನ ವೈರನ್ನು ನೋಡಬೇಕು. ವಿಂಡೋಸಿನ ಚಿಹ್ನೆ ಬಂದು ಮತ್ತೆ ಮತ್ತೆ ಮುಗ್ಗರಿಸಿದರೆ, ವಿಂಡೋಸ್ ೧೦ ಮತ್ತು ೧೧ ಕೆಲವು ಸಲ ಸೋತ ಮೇಲೆ ತಾವೇ ದುರಸ್ತಿಯ ಪರದೆಯನ್ನು ತೋರಿಸುತ್ತವೆ. ಅಲ್ಲಿ ಸ್ಟಾರ್ಟಪ್ ರಿಪೇರಿ, ಸೇಫ್ ಮೋಡ್ ಎಂಬ ಸೌಮ್ಯವಾದ ಉಪಾಯಗಳಿವೆ. ೨೦೨೪ನೆಯ ಜುಲೈ ೧೯ರಂದು ಕ್ರೌಡ್‌ಸ್ಟ್ರೈಕ್ ಎಂಬ ಕಂಪೆನಿಯು ಕಳುಹಿಸಿದ ಒಂದು ಸದೋಷವಾದ ಅಪ್‌ಡೇಟಿನಿಂದ ಜಗತ್ತಿನಾದ್ಯಂತ ಸುಮಾರು ೮೫ ಲಕ್ಷ ವಿಂಡೋಸ್ ಯಂತ್ರಗಳು ನೀಲಿಯ ಪರದೆ ತೋರಿಸಿ ನಿಂತವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದುಕೊಟ್ಟರು. ಆ ಯಂತ್ರಗಳನ್ನು ಯಾರೂ ಫಾರ್ಮ್ಯಾಟ್ ಮಾಡಬೇಕಾಗಿರಲಿಲ್ಲ. ಸೇಫ್ ಮೋಡಿನಲ್ಲಿ ಒಳಹೊಕ್ಕು ಆ ಒಂದು ಫೈಲನ್ನು ಅಳಿಸಿದರೆ ಸಾಕಾಗುತ್ತಿದ್ದಿತು. ಆದರೆ ಬಿಟ್‌ಲಾಕರ್ ಎಂಬ ಬೀಗ ಹಾಕಿದ ಡಿಸ್ಕುಗಳಿಗೆ ೪೮ ಅಂಕಿಗಳ ಕೀಲಿಯು ಬೇಕಾಗಿ ಅನೇಕರು ತಡಕಾಡಿದರು. ಹೊಸ ಲ್ಯಾಪ್‌ಟಾಪುಗಳಲ್ಲಿ ಇಂಥ ಬೀಗವು ಮನೆಯವರಿಗೆ ತಿಳಿಯದೆಯೇ ಬಿದ್ದಿರಬಹುದು. ಆ ಕೀಲಿಯು ಸಾಮಾನ್ಯವಾಗಿ ಅವರ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಯಂತ್ರವು ಚೆನ್ನಾಗಿರುವಾಗಲೇ ಅದನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳುವುದು ವಿಹಿತ.

ಏನು ಮಾಡಿದರೂ ವಿಂಡೋಸು ಏಳದಿದ್ದರೂ ಡಿಸ್ಕಿನಲ್ಲಿರುವುದು ಹೋಯಿತೆಂದು ಅರ್ಥವಲ್ಲ. ಡಿಸ್ಕನ್ನು ಬಿಚ್ಚಿ ಯುಎಸ್‌ಬಿ ಅಡಾಪ್ಟರಿನ ಮೂಲಕ ಬೇರೊಂದು ಯಂತ್ರಕ್ಕೆ ಸೇರಿಸಿ ನಕಲು ಮಾಡಿಕೊಳ್ಳಬಹುದು; ಅಥವಾ ಪೆನ್‌ಡ್ರೈವಿನಿಂದಲೇ ಲಿನಕ್ಸನ್ನು ಎಬ್ಬಿಸಿ ಆ ಕೆಲಸವನ್ನು ಮಾಡಬಹುದು. ರಿಪೇರಿಯವರೊಡನೆ ಮೊದಲು ಇತ್ಯರ್ಥಮಾಡಿಕೊಳ್ಳಬೇಕಾದ ಮಾತು ಇದು: ನಕಲು ಕೈಗೆ ಬಂದ ಮೇಲೆ ಫಾರ್ಮ್ಯಾಟು, ಅದಕ್ಕೆ ಮುಂಚೆ ಬೇಡ. ಆದರೆ ತಿರುಗುವ ಬಗೆಯ ಡಿಸ್ಕು ಟಕ್ ಟಕ್ ಎಂದು ಬಡಿದುಕೊಳ್ಳುತ್ತಿದ್ದರೆ ಮನೆಯಲ್ಲಿ ಇನ್ನೊಂದು ಸಲವೂ ಚಾಲೂ ಮಾಡಕೂಡದು. ಒಳಗಿನ ಸೂಕ್ಷ್ಮವಾದ ತಲೆಯು ಪ್ರತಿ ಸಲವೂ ತಟ್ಟೆಯನ್ನು ಗೀಚುತ್ತಿರಬಹುದು. ಡಿಸ್ಕಿನಿಂದ ಕಳೆದುಹೋದುದನ್ನು ತೆಗೆಯುವುದರಲ್ಲಿ ನುರಿತವರು ಬೇರೆಯೇ ಇದ್ದಾರೆ. ವೆಚ್ಚವು ಹೆಚ್ಚು, ಆದರೂ ಅಲ್ಲಿಗೇ ಹೋಗಬೇಕು.

ನೆರೆಮನೆಯಲ್ಲಿ ಆ ದಿನ ಊಟಕ್ಕೆ ಮೊದಲೇ ಹಾಡುಗಳ ಎರಡು ಪ್ರತಿಗಳನ್ನು ಹುಡುಗನಿಂದ ಮಾಡಿಸಿದೆವು. ಒಂದು ಬೆಂಗಳೂರಿನಲ್ಲಿರುವ ಅಕ್ಕನ ಕೈಗೆ ಹೋಗತಕ್ಕದ್ದು, ಇನ್ನೊಂದು ಕಬ್ಬಿಣದ ಪೆಟ್ಟಿಗೆಯಲ್ಲಿ ಅಡಿಕೆ ಮಂಡಿಯ ಲೆಕ್ಕದ ಪುಸ್ತಕಗಳೊಡನೆ ಇರತಕ್ಕದ್ದು. ಹಸೆಗೆ ಕರೆಯುವ ಹಾಡನ್ನು ಹಾಕಿದಾಗ ನಡುವೆ ಒಂದು ಕೆಮ್ಮು, ಆಮೇಲೆ “ನೀರು ಕೊಡೋ” ಎಂದು ಆ ಮುದುಕಿಯ ಧ್ವನಿ, ಚೊಂಬಿನ ಸದ್ದು, ಮಗನ ನಗು ಕೇಳಿಬಂದವು. ಗೃಹಿಣಿಯು ಒಳಗೆ ಹೋದವರು ಸ್ವಲ್ಪ ಹೊತ್ತು ಹೊರಗೆ ಬರಲಿಲ್ಲ.

೪೩ರಲ್ಲಿ ಎರಡು ಹಾಡುಗಳು ಏನು ಮಾಡಿದರೂ ತೆರೆಯಲಿಲ್ಲ. ಅವೆರಡೂ ಅವರ ಹಿರಿಯ ನಾದಿನಿಗೆ ಬರುತ್ತವಂತೆ. ಮಳೆ ಬಿಟ್ಟ ಮೇಲೆ ಆಕೆಯನ್ನು ಊರಿಗೆ ಕರೆಸಿ ಹಾಡಿಸುವುದೆಂದು ನಿಶ್ಚಯವಾಗಿದೆ.