ನೆರವು ನಿಂತರೆ ವಿಮೆಯೂ ನಿಲ್ಲಬೇಕೆ?

ಬಡವರಿಗೆ ತಿಂಗಳು ತಿಂಗಳು ಕೊಡುವ ನಗದು ನೆರವಿಗೆ ಕಾಲಮಿತಿ ಬೇಕೋ ಬೇಡವೋ ಎಂದು ವಾದಿಸಬಹುದು. ಆದರೆ ನೆರವು ಬಿಟ್ಟು ದುಡಿಯಲು ಹೊರಟವಳ ಆರೋಗ್ಯ ವಿಮೆಯನ್ನೂ ಕಿತ್ತುಕೊಳ್ಳುವುದಕ್ಕೆ ಯಾವ ಸಮರ್ಥನೆಯೂ ಇಲ್ಲ. ಅಮೆರಿಕದ ಅನುಭವ ನೋಡಿದವರಿಗೆ ಇದು ಮನವರಿಕೆಯಾದೀತು.

1996ರ ಆಗಸ್ಟ್‌ನಲ್ಲಿ ಅಧ್ಯಕ್ಷ ಬಿಲ್ ಕ್ಲಿಂಟನ್ ಸಹಿ ಹಾಕಿದ ಕಾನೂನು, 1935ರಿಂದ ನಡೆದುಬಂದಿದ್ದ ನಗದು ನೆರವಿನ ಪದ್ಧತಿಯನ್ನು ಕೊನೆಗಾಣಿಸಿತು. ಹೊಸ ಯೋಜನೆಯಲ್ಲಿ ಫೆಡರಲ್ ಹಣದ ನೆರವು ಜೀವಮಾನಕ್ಕೆ ಒಟ್ಟು 5 ವರ್ಷ. ಜೊತೆಗೆ ದುಡಿಯಲೇಬೇಕೆಂಬ ಷರತ್ತು. ಅದುವರೆಗೆ ನಗದು ಪಡೆಯುವ ಕುಟುಂಬಕ್ಕೆ ಮೆಡಿಕೇಡ್, ಅಂದರೆ ಬಡವರ ಸರ್ಕಾರಿ ಆರೋಗ್ಯ ವಿಮೆ, ತಾನಾಗಿಯೇ ಸಿಗುತ್ತಿತ್ತು. ಹೊಸ ಕಾನೂನು ಎರಡನ್ನೂ ಬೇರೆ ಮಾಡಿತು. ಕಾಗದದ ಮೇಲೆ ಇದು ಒಳ್ಳೆಯದೇ: ನಗದು ನಿಂತರೂ ಅರ್ಹರ ವಿಮೆ ಉಳಿಯಬೇಕು. ಸಂಬಳ ಬಂದು ಅರ್ಹತೆ ತಪ್ಪಿದವರಿಗೂ ಒಂದು ವರ್ಷದವರೆಗೆ ವಿಮೆ ಮುಂದುವರಿಸುವ ಅವಕಾಶ 1988ರ ಕಾನೂನಿನಲ್ಲೇ ಇತ್ತು. ಕಚೇರಿಗಳಲ್ಲಿ ನಡೆದದ್ದೇ ಬೇರೆ. ನಗದಿನ ಕಡತ ಮುಚ್ಚಿದಾಗ ಎಷ್ಟೋ ಕಡೆ ವಿಮೆಯ ಕಡತವನ್ನೂ ಮುಚ್ಚಿಬಿಟ್ಟರು. ಹಾಗೆ ತಪ್ಪಾಗಿ ಕೈಬಿಟ್ಟವರನ್ನು ಮತ್ತೆ ಸೇರಿಸಿಕೊಳ್ಳಿ ಎಂದು 2000ದ ಏಪ್ರಿಲ್‌ನಲ್ಲಿ ಫೆಡರಲ್ ಸರ್ಕಾರವೇ ರಾಜ್ಯಗಳಿಗೆ ಪತ್ರ ಬರೆಯಬೇಕಾಯಿತು.

ಮಕ್ಕಳ ಪಾಡು ಅಷ್ಟು ಕೆಡಲಿಲ್ಲ. 1997ರಲ್ಲಿ ಅವರಿಗೆಂದೇ ಇನ್ನೊಂದು ವಿಮೆ ಬಂತು. ಪೆಟ್ಟು ಬಿದ್ದದ್ದು ದೊಡ್ಡವರಿಗೆ.

ಟೆಕ್ಸಾಸ್‌ನ ಲೆಕ್ಕವನ್ನೇ ನೋಡಿ. ಅಲ್ಲಿ ಕನಿಷ್ಠ ಕೂಲಿ ಗಂಟೆಗೆ 7.25 ಡಾಲರ್, 2009ರಿಂದ ಏರಿಲ್ಲ. ಇಬ್ಬರು ಮಕ್ಕಳ ಒಂಟಿ ತಾಯಿ ವಾರಕ್ಕೆ 40 ಗಂಟೆಯಂತೆ, ಒಂದು ವಾರವೂ ತಪ್ಪಿಸದೆ ದುಡಿದರೆ ವರ್ಷಕ್ಕೆ 15,080 ಡಾಲರ್. ಮೂವರ ಕುಟುಂಬಕ್ಕೆ 2024ರ ಬಡತನ ರೇಖೆ 25,820 ಡಾಲರ್. ಇಷ್ಟು ದುಡಿದರೂ ಅವಳು ಬಡವಳೇ. ಆದರೆ ಅಲ್ಲಿ ತಂದೆತಾಯಿಗೆ ಮೆಡಿಕೇಡ್ ಸಿಗಬೇಕಾದರೆ ಆದಾಯ ಆ ರೇಖೆಯ ಐದನೇ ಒಂದು ಪಾಲಿಗಿಂತಲೂ ಕಡಿಮೆ ಇರಬೇಕು. ಹೆಚ್ಚುವರಿ ವರ್ಷ ಮುಗಿದೊಡನೆ ಅವಳ ವಿಮೆ ರದ್ದು. ಖಾಸಗಿ ವಿಮೆ ಕೊಳ್ಳಲು ಸಹಾಯಧನ ಸಿಗುವುದು ಬಡತನ ರೇಖೆ ಮುಟ್ಟಿದವರಿಗೆ. ಮಾಲೀಕ ವಿಮೆ ಕೊಡದಿದ್ದರೆ ಮಕ್ಕಳ ಜ್ವರಕ್ಕೆ ಡಾಕ್ಟರು ಸಿಗುತ್ತಾರೆ, ತಾಯಿಯ ಸಕ್ಕರೆ ಕಾಯಿಲೆಗೆ ಸ್ವಂತ ಜೇಬೇ ಗತಿ. ಬರಾಕ್ ಒಬಾಮಾ ಕಾಲದ 2010ರ ಕಾನೂನು ಈ ಕಂದಕವನ್ನು ಮುಚ್ಚಬೇಕಿತ್ತು. 2012ರಲ್ಲಿ ಸುಪ್ರೀಂ ಕೋರ್ಟ್ ಆ ಕಾನೂನಿನ ಮೆಡಿಕೇಡ್ ವಿಸ್ತರಣೆಯನ್ನು ರಾಜ್ಯಗಳ ಇಚ್ಛೆಗೆ ಬಿಟ್ಟಿತು. ಟೆಕ್ಸಾಸ್, ಫ್ಲಾರಿಡಾ ಒಪ್ಪಲಿಲ್ಲ.

ಪುಕ್ಕಟೆ ವಿಮೆ ಕೊಟ್ಟರೆ ಜನ ಸೋಮಾರಿಗಳಾಗುತ್ತಾರೆ ಎಂಬುದು ಹಳೆಯ ಆಕ್ಷೇಪ. ಒರೆಗಾನ್ ರಾಜ್ಯ 2008ರಲ್ಲಿ ಲಾಟರಿ ಎತ್ತಿ ಬಡವರಿಗೆ ಮೆಡಿಕೇಡ್ ಕೊಟ್ಟಿತು. ಸಿಕ್ಕವರನ್ನೂ ಸಿಗದವರನ್ನೂ ಹೋಲಿಸಿ ನೋಡಿದಾಗ ರಕ್ತದೊತ್ತಡದಲ್ಲಿ ಗಣನೀಯ ಇಳಿಕೆ ಕಾಣಲಿಲ್ಲ, ನಿಜ. ಆದರೆ ಖಿನ್ನತೆ ತಗ್ಗಿತು, ಮನೆ ಮುಳುಗಿಸುವಂಥ ಆಸ್ಪತ್ರೆ ಖರ್ಚು ಬಹುಮಟ್ಟಿಗೆ ಇಲ್ಲವಾಯಿತು. ದುಡಿಯುವವರ ಸಂಖ್ಯೆಯಲ್ಲಿ ಗಣನೀಯ ವ್ಯತ್ಯಾಸವೇನೂ ಆಗಲಿಲ್ಲ. 2018ರಲ್ಲಿ ಆರ್ಕಾನ್ಸಾಸ್ ಇದಕ್ಕೆ ತದ್ವಿರುದ್ಧ ದಾರಿ ಹಿಡಿಯಿತು: ದುಡಿದ ಗಂಟೆಗಳ ಲೆಕ್ಕ ಕೊಟ್ಟವರಿಗಷ್ಟೇ ವಿಮೆ. ಕೆಲವೇ ತಿಂಗಳಲ್ಲಿ ಸುಮಾರು 18,000 ಮಂದಿ ವಿಮೆ ಕಳೆದುಕೊಂಡರು, ಉದ್ಯೋಗ ಹೆಚ್ಚಲಿಲ್ಲ.

ಇಷ್ಟಾದ ಮೇಲೂ 2025ರ ಜುಲೈನಲ್ಲಿ ಬಂದ ಕಾನೂನು, ಮೆಡಿಕೇಡ್ ವಿಸ್ತರಿಸಿದ ರಾಜ್ಯಗಳಲ್ಲಿ ತಿಂಗಳಿಗೆ 80 ಗಂಟೆಗಳ ಲೆಕ್ಕ ಕೇಳಲಿದೆ. ಚಿಕ್ಕ ಮಕ್ಕಳ ತಾಯಂದಿರಿಗೆ ವಿನಾಯಿತಿ ಇದೆ. ಆದರೂ ಆರ್ಕಾನ್ಸಾಸ್‌ನಲ್ಲಿ ಸೋತ ನಿಯಮವನ್ನು ಅಷ್ಟೂ ರಾಜ್ಯಗಳಿಗೆ ಹರಡುವುದು ತಪ್ಪು. ಅದು ಜಾರಿಯಾಗುವ ಮುನ್ನವೇ ಹಿಂತೆಗೆಯಬೇಕು.