ನೋಡದೆ ಕೇಳಲಾಗದ ಯಂತ್ರ

ಕಳೆದ ವಾರ ಒಬ್ಬ ಸಹೋದರಿ ಫೋನ್ ಮಾಡಿದ್ದರು. "ಟೀಚರ್, ನನ್ನ ತಮ್ಮ ದಮ್ಮಾಮಿನಿಂದ ರಜೆಯಲ್ಲಿ ಬರ್ತಿದ್ದಾನೆ. ಅತ್ತೆಗೆ ಕೇಳ್ಲಿಕ್ಕೆ ಒಂದು ಟಚ್‌ಸ್ಕ್ರೀನಿನ ಪ್ಲೇಯರ್ ತರ್ಲಾ ಅಂತ ಕೇಳಿದ. ಅದು ಒಳ್ಳೇದಾ?" ಎಂಬುದು ಅವರ ಪ್ರಶ್ನೆ. "ಅತ್ತೆಯ ಕಣ್ಣು ಹೇಗಿದೆ?" ಎಂದು ನಾನು ತಿರುಗಿ ಕೇಳಿದೆ. ಅವರು ಒಂದು ಕ್ಷಣ ಸುಮ್ಮನಾದರು. ಕಿವಿಗೆ ಬೇಕಾದ ಯಂತ್ರದ ಬಗ್ಗೆ ಕೇಳಿದರೆ ಈ ಟೀಚರ್ ಕಣ್ಣಿನ ವಿಚಾರ ತೆಗೆಯುತ್ತಾರಲ್ಲ ಎಂದು ಅವರಿಗೆ ಅನಿಸಿರಬೇಕು. ಅಂದು ಫೋನಿನಲ್ಲಿ ವಿವರಿಸಲು ಸಮಯವಿರಲಿಲ್ಲ. ಆ ಉತ್ತರವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತಿದ್ದೇನೆ. ಗಲ್ಫಿನಿಂದ ಉಡುಗೊರೆಗಳು ಬರುವ ಮನೆಗಳು ನಮ್ಮಲ್ಲಿ ಬಹಳಷ್ಟಿವೆ ತಾನೇ?

ನನ್ನ ಉಮ್ಮನಿಗೆ ಬೆಳಿಗ್ಗೆ ರೊಟ್ಟಿ ತಟ್ಟುವಾಗ ಏನನ್ನಾದರೂ ಕೇಳುತ್ತಿರಬೇಕು. ಹೆಚ್ಚಾಗಿ ಕುರ್‌ಆನ್ ತಿಲಾವತ್, ಇಲ್ಲವೇ ಯಾವುದಾದರೊಂದು ಪ್ರವಚನ, ಅಪರೂಪಕ್ಕೆ ಒಂದು ಹಳೆಯ ಮಾಪ್ಪಿಳ ಹಾಡು. (ಹಾಡು, ಸಂಗೀತದ ಬಗೆಗಿನ ಚರ್ಚೆ ನಮ್ಮ ಮನೆಗಳಲ್ಲಿ ಇದೆ, ನನಗೆ ಗೊತ್ತು. ಅದು ಇಂದಿನ ವಿಷಯವಲ್ಲ. ನೀವು ಏನನ್ನೇ ಕೇಳಿ, ಯಂತ್ರದ ಸಮಸ್ಯೆ ಒಂದೇ.) ತೊಂಬತ್ತರ ದಶಕದಲ್ಲಿ ನಮ್ಮ ಅಡುಗೆ ಮನೆಯ ಕಿಟಕಿಯಲ್ಲಿ ಒಂದು ಟೇಪ್ ರೆಕಾರ್ಡರ್ ಇತ್ತು. ಮುಂದೆ ಸಾಲಾಗಿ ದಪ್ಪ ಗುಂಡಿಗಳು. ಕೈ ತುಂಬ ಅಕ್ಕಿ ಹಿಟ್ಟು ಮೆತ್ತಿದ್ದರೂ ಉಮ್ಮ ಮೊಣಕೈಯಿಂದ ಒತ್ತಿ ಅದನ್ನು ನಿಲ್ಲಿಸುತ್ತಿದ್ದರು. ಯಾವ ಗುಂಡಿ ಯಾವುದಕ್ಕೆಂದು ಅವರು ಓದಿ ಕಲಿತದ್ದಲ್ಲ. ಅದು ಕೈಗೆ ಗೊತ್ತಿತ್ತು.

ಟೇಪ್ ರೆಕಾರ್ಡರ್ ಕೆಟ್ಟಿತು, ಕ್ಯಾಸೆಟ್ ಮಾಯವಾಯಿತು. ಕೆಲವು ವರ್ಷಗಳ ಹಿಂದೆ ನನ್ನ ತಮ್ಮ ಊರಿಗೆ ಬಂದಾಗ ಉಮ್ಮನಿಗೆಂದು ಅಂಗೈಯಷ್ಟು ಚಿಕ್ಕ ಪ್ಲೇಯರ್ ಒಂದನ್ನು ತಂದ. ಮುಂಭಾಗವೆಲ್ಲ ಗಾಜು. ಬದಿಯಲ್ಲಿ ಆನ್ ಮಾಡಲು ಒಂದೇ ಒಂದು ಗುಂಡಿ. ಮನೆಯವರೆಲ್ಲ ಕೈಯಿಂದ ಕೈಗೆ ದಾಟಿಸುತ್ತಾ ಮೆಚ್ಚಿದೆವು. ಧ್ವನಿಯಂತೂ ನಿಜಕ್ಕೂ ಚೆನ್ನಾಗಿತ್ತು. ತಮ್ಮ ಎರಡು ದಿನ ಕುಳಿತು ಉಮ್ಮನಿಗೆ ಕಲಿಸಿಯೂ ಕೊಟ್ಟ. ಅವನು ವಿಮಾನ ಹತ್ತಿದ ಹದಿನೈದು ದಿನಕ್ಕೆ ಅದು ಕಪಾಟು ಸೇರಿತು.

"ಉಮ್ಮ, ಯಾಕೆ ಈಗ ಏನೂ ಕೇಳುವುದಿಲ್ಲ?" ಎಂದರೆ "ಬ್ಯಾಟರಿ ಹೋಗಿದೆ ಮೋಳೇ" ಎಂದರು. ನಾನು ತೆಗೆದು ನೋಡಿದೆ. ಬ್ಯಾಟರಿ ಮುಕ್ಕಾಲು ಪಾಲು ಇತ್ತು. ಮತ್ತೆ ಕೇಳಿದ್ದಕ್ಕೆ "ನನಗೆ ಈಗ ಕೇಳಬೇಕು ಅಂತ ಅನ್ನಿಸುವುದಿಲ್ಲ" ಎಂದರು. ಸತ್ಯ ಹೊರಬಂದದ್ದು ಬಹಳ ದಿನಗಳ ನಂತರ, ಅದೂ ನಗುತ್ತಾ. ಒಂದು ಮಧ್ಯಾಹ್ನ ಹಾಡು ಕೇಳುತ್ತಿರುವಾಗ ಮಸೀದಿಯಿಂದ ಬಾಂಗ್ ಶುರುವಾಯಿತು. ನಿಲ್ಲಿಸೋಣವೆಂದರೆ ಪರದೆ ಕಪ್ಪಾಗಿದೆ. ಗುಂಡಿ ಒತ್ತಿದರೆ ಬೆಳಗಿತು, ಆದರೆ ಬೀಗ ಬಿದ್ದಿದೆ. ಬೆರಳಿನಿಂದ ಸರಿಸಬೇಕು, ಕೈ ಒದ್ದೆ. ಸೆರಗಿಗೆ ಒರೆಸಿ ಸರಿಸುವಷ್ಟರಲ್ಲಿ ಧ್ವನಿ ಕಡಿಮೆಯಾಗುವ ಬದಲು ಏರಿತು. ಗಾಬರಿಯಾಗಿ ಅದನ್ನು ಟವೆಲಿನಲ್ಲಿ ಸುತ್ತಿ ಅಕ್ಕಿಯ ಡಬ್ಬದೊಳಗೆ ಹಾಕಿ ಮುಚ್ಚಳ ಮುಚ್ಚಿದರಂತೆ! ಆ ನಂತರ ಅವರು ಅದನ್ನು ಮುಟ್ಟಲಿಲ್ಲ. "ಮಗ ಅಷ್ಟು ದುಡ್ಡು ಕೊಟ್ಟು ತಂದದ್ದು. ನನಗೆ ಬರುವುದಿಲ್ಲ ಅಂತ ಹೇಗೆ ಹೇಳುವುದು? ನನ್ನ ತಲೆಗೆ ಹೋಗುವುದಿಲ್ಲ, ಅಷ್ಟೆ" ಎಂದರು.

ಓದುಗ ಸಹೋದರಿಯರೇ, ಆ ಕೊನೆಯ ಮಾತು ನನ್ನನ್ನು ಚುಚ್ಚಿತು. ಉಮ್ಮನ ತಲೆಗೆ ಏನೂ ಆಗಿರಲಿಲ್ಲ. ಒಂದು ಕಣ್ಣಿಗೆ ಪೊರೆಯ ಶಸ್ತ್ರಚಿಕಿತ್ಸೆಯಾಗಿತ್ತು, ಇನ್ನೊಂದಕ್ಕೆ ಆಗಬೇಕಿತ್ತು. ಕೇಳಲೆಂದು ಕೊಟ್ಟ ವಸ್ತುವನ್ನು ನಿಲ್ಲಿಸಬೇಕಾದರೆ ಮೊದಲು ನೋಡಬೇಕು ಎಂಬಂತೆ ಅದನ್ನು ಮಾಡಿದ್ದರು. ತಪ್ಪು ಅಲ್ಲಿತ್ತು.

ಈ ತೊಡಕು ಅಗ್ಗದ ಯಂತ್ರಗಳದ್ದು ಮಾತ್ರವಲ್ಲ. ಜೇಬಿನಲ್ಲಿಟ್ಟು ಕೇಳುವ ಸೋನಿಯ ವಾಕ್‌ಮನ್ 1979ರಲ್ಲಿ ಬಂದಾಗ ಅದರಲ್ಲಿ ಗುಂಡಿಗಳಿದ್ದವು. 2001ರಲ್ಲಿ ಆ್ಯಪಲ್ ಕಂಪೆನಿಯ ಐಪಾಡ್ ಬಂದಾಗ ನಡುವೆ ಒಂದು ಚಕ್ರವಿತ್ತು. ಜೇಬಿಗೆ ಕೈ ಹಾಕಿ ಹೆಬ್ಬೆರಳಿನಿಂದಲೇ ಅದನ್ನು ತಿರುಗಿಸಬಹುದಿತ್ತು. 2007ರ ಸೆಪ್ಟೆಂಬರಿನಲ್ಲಿ ಅದೇ ಕಂಪೆನಿ ಐಪಾಡ್ ಟಚ್ ತಂದಿತು. ಮೂರೂವರೆ ಇಂಚಿನ ಗಾಜು. ನೋಡಿದವರೆಲ್ಲ ಬೆರಗಾದರು. ಆದರೆ ಆ ಮೊದಲ ಮಾದರಿಯಲ್ಲಿ ಧ್ವನಿ ಹೆಚ್ಚು ಕಡಿಮೆ ಮಾಡಲು ಹೊರಗಡೆ ಒಂದು ಗುಂಡಿಯೂ ಇರಲಿಲ್ಲ! ಸ್ಪೀಕರ್ ಕೂಡ ಇರಲಿಲ್ಲ. ಮರು ವರ್ಷ, 2008ರಲ್ಲಿ, ಎರಡನೆಯ ಮಾದರಿ ಬಂದಾಗ ಬದಿಯಲ್ಲಿ ಧ್ವನಿಯ ಗುಂಡಿಗಳೂ ಒಳಗೊಂದು ಸ್ಪೀಕರೂ ಬಂದವು. ಅಷ್ಟು ದೊಡ್ಡ ಕಂಪೆನಿಯೇ ಗಾಜೊಂದು ಸಾಲದೆಂದು ಒಂದೇ ವರ್ಷದಲ್ಲಿ ಗುಂಡಿಗೆ ಮರಳಿತು. ಐಪಾಡ್ ಟಚ್‌ನ ಕೊನೆಯ ಮಾದರಿ 2019ರದ್ದು. 2022ರ ಮೇ ತಿಂಗಳಲ್ಲಿ ಅದನ್ನು ನಿಲ್ಲಿಸಿದುದಾಗಿ ಕಂಪೆನಿ ಪ್ರಕಟಿಸಿತು.

ಒದ್ದೆ ಕೈಗೆ ಗಾಜು ಏಕೆ ಮಾತು ಕೇಳುವುದಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಇಂದಿನ ಟಚ್‌ಸ್ಕ್ರೀನುಗಳು ಒತ್ತಡವನ್ನು ಗುರುತಿಸುವುದಿಲ್ಲ. ಗಾಜಿನ ಕೆಳಗೆ ಕಣ್ಣಿಗೆ ಕಾಣದ ತೆಳುವಾದ ವಿದ್ಯುತ್ ವಾಹಕದ ಪದರವಿರುತ್ತದೆ. ನಮ್ಮ ಬೆರಳು ತಾಗಿದಾಗ ಅಲ್ಲಿನ ವಿದ್ಯುದಾವೇಶದಲ್ಲಿ ಆಗುವ ಅತಿ ಸಣ್ಣ ಬದಲಾವಣೆಯಿಂದ ಅದು ಜಾಗವನ್ನು ಪತ್ತೆ ಹಚ್ಚುತ್ತದೆ. ನೀರಿನ ಹನಿಯಿಂದಲೂ ಅಂತಹ ಬದಲಾವಣೆ ಆಗುವುದರಿಂದ ಅದಕ್ಕೆ ಗೊಂದಲವಾಗುತ್ತದೆ. ಬಟ್ಟೆ ಸುತ್ತಿದ ಬೆರಳು ಅದಕ್ಕೆ ಗೊತ್ತೇ ಆಗುವುದಿಲ್ಲ. ಹಿಂದೆ ಉಗುರಿನಿಂದ ಒತ್ತಿದರೂ ಕೆಲಸ ಮಾಡುವ ಪರದೆಗಳಿದ್ದವು, ನಿಮಗೆ ನೆನಪಿರಬಹುದು. ಅವುಗಳಲ್ಲಿ ಎರಡು ಪದರಗಳು ಒತ್ತಡಕ್ಕೆ ಒಂದನ್ನೊಂದು ತಾಗುತ್ತಿದ್ದವು. ಅಡುಗೆ ಮನೆಗೆ ಅದೇ ವಾಸಿ ಎನ್ನಬೇಕು.

ಹಾಗಾದರೆ ಟಚ್‌ಸ್ಕ್ರೀನ್ ಪ್ಲೇಯರ್ ಬೇಡವೇ ಬೇಡವೇ? ಹಾಗೆ ಹೇಳಿದರೆ ಅನ್ಯಾಯವಾದೀತು. ನೂರಾರು ಪ್ರವಚನಗಳ ನಡುವೆ ಬೇಕಾದ ಒಂದನ್ನು ಹುಡುಕಲು ಪರದೆಯಷ್ಟು ಸುಲಭವಾದುದು ಬೇರೆ ಇಲ್ಲ. ಅಂಧರಿಗಾಗಿ ಪರದೆಯಲ್ಲಿರುವುದನ್ನು ಓದಿ ಹೇಳುವ ವ್ಯವಸ್ಥೆ ಐಪಾಡ್ ಟಚ್‌ಗೆ 2009ರಲ್ಲೇ ಬಂದಿತ್ತು. ಕಲಿಯುವ ಛಲವಿದ್ದರೆ ಅದರಿಂದ ತುಂಬ ಉಪಯೋಗವಿದೆ. ಇನ್ನು ಗಾಜು ಮತ್ತು ಗುಂಡಿ ಎರಡನ್ನೂ ಇಟ್ಟುಕೊಂಡ ಪ್ಲೇಯರುಗಳೂ ಇವೆ. ಸೋನಿ 2019ರಲ್ಲಿ ತಂದ ಎನ್‌ಡಬ್ಲ್ಯೂ-ಎ105 ಎಂಬ ವಾಕ್‌ಮನ್ ಟಚ್‌ಸ್ಕ್ರೀನಿನದ್ದೇ. ಆದರೆ ಬದಿಯಲ್ಲಿ ನಿಲ್ಲಿಸಲು, ಮುಂದೆ ಹೋಗಲು, ಹಿಂದೆ ಬರಲು, ಧ್ವನಿ ಏರಿಸಲು ಇಳಿಸಲು ಬೇರೆ ಬೇರೆ ಗುಂಡಿಗಳಿವೆ. ಚೀಲದಲ್ಲಿ ಒತ್ತಿಹೋಗದಂತೆ ತಡೆಯುವ ಒಂದು ಜಾರುಗುಂಡಿಯೂ ಇದೆ. ಹುಡುಕುವುದು ಕಣ್ಣಿನ ಕೆಲಸ, ನಿಲ್ಲಿಸುವುದು ಕೈಯ ಕೆಲಸ ಎಂಬುದನ್ನು ಅದನ್ನು ಮಾಡಿದವರು ಬಲ್ಲರು. ಬೆಲೆ ಮಾತ್ರ ನಮ್ಮಂತಹ ಮನೆಗಳಿಗೆ ಭಾರ.

ಆದ್ದರಿಂದ ಅಂಗಡಿಯಲ್ಲಿ ಧ್ವನಿ ಕೇಳಿ ತಲೆದೂಗುವ ಮೊದಲು ಒಂದು ಪರೀಕ್ಷೆ ಮಾಡಿ. ಪ್ಲೇಯರನ್ನು ಓಡಲು ಬಿಟ್ಟು ನಿಮ್ಮ ಕೈಚೀಲದೊಳಗೆ ಹಾಕಿ. ಪರದೆ ಕಪ್ಪಾಗುವವರೆಗೆ ಕಾಯಿರಿ. ಈಗ ಚೀಲದೊಳಗೆ ನೋಡದೆ ಕೈ ಹಾಕಿ ಅದನ್ನು ನಿಲ್ಲಿಸಿ, ಮತ್ತೆ ಶುರು ಮಾಡಿ, ಧ್ವನಿ ಇಳಿಸಿ. ಇಷ್ಟು ಆಗದಿದ್ದರೆ ಅದು ಕುಳಿತು ಕೇಳುವವರಿಗೆ ಸರಿ, ಕೆಲಸ ಮಾಡುತ್ತಾ ಕೇಳುವವರಿಗಲ್ಲ. ಮನೆಯಲ್ಲಿ ಕುಳಿತು ಕೇಳುವ ಭಾಗ್ಯ ಯಾವ ಹೆಂಗಸಿಗಿದೆ ಹೇಳಿ!

ಇನ್ನೊಂದು ಮಾತು. ಮಾರುವವರು ಮೂರು ನಿಮಿಷದ ಹಾಡು ಹಾಕಿ ತೋರಿಸುತ್ತಾರೆ. ನಾವು ಕೇಳುವುದು ಒಂದೂವರೆ ಗಂಟೆಯ ಪ್ರವಚನ. ನಡುವೆ ಆಫ್ ಮಾಡಿ ಮತ್ತೆ ಆನ್ ಮಾಡಿದಾಗ ನಿಲ್ಲಿಸಿದ ಜಾಗದಿಂದಲೇ ಮುಂದುವರಿಯುತ್ತದೆಯೇ, ಅಥವಾ ಮೊದಲಿನಿಂದ ಶುರುವಾಗುತ್ತದೆಯೇ? ಇದನ್ನು ಅಲ್ಲೇ ಪರೀಕ್ಷಿಸಿ. ಹಾಗೆಯೇ ಒಂದು ಮೆಮೊರಿ ಕಾರ್ಡಿನಲ್ಲಿ ಕನ್ನಡದ ಹೆಸರಿರುವ ಒಂದು ಫೈಲನ್ನೂ ಅರಬಿ ಅಕ್ಷರದ ಹೆಸರಿರುವ ಇನ್ನೊಂದನ್ನೂ ಹಾಕಿಕೊಂಡು ಹೋಗಿ. ಕೆಲವು ಪ್ಲೇಯರುಗಳಲ್ಲಿ ಅಕ್ಷರದ ಬದಲು ಬರೀ ಚೌಕಗಳು ಕಾಣುತ್ತವೆ.

ಸೂರಾಗಳ ಕ್ರಮದ ವಿಷಯದಲ್ಲಿ ಅನೇಕರು ಯಂತ್ರವನ್ನು ದೂರುತ್ತಾರೆ. 1 ಆದ ಮೇಲೆ 2 ಬಾರದೆ 10, ಆಮೇಲೆ 100 ಬರುತ್ತದೆ. ಇದು ಯಂತ್ರ ಕೆಟ್ಟುದರಿಂದಲ್ಲ. ಅದು ಹೆಸರನ್ನು ಸಂಖ್ಯೆಯಾಗಿ ನೋಡದೆ ಅಕ್ಷರದಂತೆ ಒಂದೊಂದಾಗಿ ಓದುತ್ತದೆ. ಕಂಪ್ಯೂಟರಿನಲ್ಲಿ ಫೈಲುಗಳ ಹೆಸರನ್ನು 001, 002, 010 ಎಂದು ಬದಲಿಸಿ 114ರವರೆಗೆ ಇಟ್ಟರೆ ಸಾಮಾನ್ಯವಾಗಿ ಸಾಲು ಸರಿಯಾಗುತ್ತದೆ. ಮನೆಯ ಮಕ್ಕಳಿಗೆ ಅರ್ಧ ಗಂಟೆಯ ಕೆಲಸ.

ಜಾಗದ ಬಗ್ಗೆ ಅಂಗಡಿಯವರ ಮಾತಿಗೆ ಮರುಳಾಗಬೇಡಿ. ಸಾಧಾರಣ ಗುಣಮಟ್ಟದ, ಅಂದರೆ 128 ಕೆಬಿಪಿಎಸ್‌ನ, ಎಂಪಿ3 ಫೈಲು ಒಂದು ನಿಮಿಷಕ್ಕೆ ಸುಮಾರು 1 ಎಂಬಿ ಜಾಗ ಹಿಡಿಯುತ್ತದೆ. ಪೂರ್ಣ ಕುರ್‌ಆನ್ ತಿಲಾವತ್ ಸುಮಾರು 30 ಗಂಟೆ ಎಂದಿಟ್ಟುಕೊಂಡರೂ ಎರಡು ಜಿಬಿಯೊಳಗೆ ಮುಗಿಯಿತು. 16 ಜಿಬಿಯಲ್ಲಿ 250 ಗಂಟೆಗೂ ಹೆಚ್ಚು ಕೇಳಬಹುದು. ಅದಕ್ಕಿಂತ ಹೆಚ್ಚಿಗೆ ಹಣ ಸುರಿಯುವ ಅಗತ್ಯ ನನಗಂತೂ ಕಾಣುವುದಿಲ್ಲ. ಕಾರ್ಡ್ ಬದಲಿಸುವ ಅವಕಾಶವಿದ್ದರೆ ಇನ್ನೂ ಒಳ್ಳೆಯದು. ಇಂಟರ್ನೆಟ್ ಮೂಲಕ ಆ್ಯಪ್‌ಗಳಲ್ಲಿ ಕೇಳಬಹುದು ಎಂದು ಹೆಚ್ಚು ಬೆಲೆ ಕೊಡುವವರೂ ಯೋಚಿಸಬೇಕು. ಮೇಲೆ ಹೇಳಿದ ಸೋನಿ ಬಂದದ್ದು ಆಂಡ್ರಾಯ್ಡ್ 9ರೊಂದಿಗೆ. ಕೊನೆಯ ಐಪಾಡ್ ಟಚ್ ಐಓಎಸ್ 15ಕ್ಕೆ ನಿಂತಿತು. ಯಂತ್ರ ಗಟ್ಟಿಯಾಗಿಯೇ ಇರುತ್ತದೆ, ಹೊಸ ಆ್ಯಪ್‌ಗಳು ಒಂದೊಂದಾಗಿ ಅದನ್ನು ಕೈಬಿಡುತ್ತವೆ. ಕಾರ್ಡಿನಲ್ಲಿ ನೀವೇ ತುಂಬಿಸಿದ ಫೈಲಿಗೆ ಆ ಭಯವಿಲ್ಲ.

ಇಯರ್‌ಫೋನ್ ಬಗ್ಗೆಯೂ ಎಚ್ಚರ ಬೇಕು, ವಿಶೇಷವಾಗಿ ಮಕ್ಕಳಿದ್ದರೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರು 80 ಡೆಸಿಬೆಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆ ಕೇಳಬಹುದು. ಮಕ್ಕಳಿಗಾದರೆ ಅದು 75 ಡೆಸಿಬೆಲ್. ಅಡುಗೆ ಮನೆಯಲ್ಲಿ ಮಿಕ್ಸಿಯ ಸದ್ದನ್ನು ಮೀರಿಸಲು ಧ್ವನಿ ಏರಿಸುತ್ತಾ ಹೋದರೆ ಈ ಮಿತಿ ದಾಟಿದ್ದೇ ತಿಳಿಯದು. ಗೇಟಿನಲ್ಲಿ ಕರೆದವರ ದನಿಯೂ ಕೇಳಿಸದು. ಸ್ಪೀಕರ್ ಇರುವ ಪ್ಲೇಯರನ್ನು ನಾನು ಇಷ್ಟಪಡುವುದು ಇದೇ ಕಾರಣಕ್ಕೆ.

"ಮೊಬೈಲ್ ಇರುವಾಗ ಇದೆಲ್ಲ ಯಾಕೆ?" ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಆದರೆ ತಿಲಾವತಿನ ನಡುವೆ ಜಾಹೀರಾತು ಬಂದಾಗ, ಪ್ರವಚನದ ನಡುವೆ ಬ್ಯಾಂಕಿನ ಸಾಲ ಬೇಕೇ ಎಂದು ಕರೆ ಬಂದಾಗ ಅದರ ಉತ್ತರ ನಿಮಗೇ ಸಿಕ್ಕಿರುತ್ತದೆ.

ಈಗ ಉಮ್ಮನ ಬಳಿ ಇರುವುದು ಪೇಟೆಯ ಅಂಗಡಿಯಲ್ಲಿ ಕೆಲವು ನೂರು ರೂಪಾಯಿಗೆ ಕೊಂಡ, ಗುಂಡಿಗಳಿರುವ ಸಣ್ಣ ಪ್ಲೇಯರ್. ಧ್ವನಿ ಅಷ್ಟೇನೂ ಹಿತವಲ್ಲ. ಸ್ವಲ್ಪ ಡಬ್ಬ ಬಡಿದಂತಿದೆ ಎಂದೇ ಹೇಳಬೇಕು. ನಿಲ್ಲಿಸುವ ಗುಂಡಿಯ ಮೇಲೆ ಗಾಯಕ್ಕೆ ಹಾಕುವ ಪ್ಲಾಸ್ಟರಿನ ಒಂದು ಚೂರು ಅಂಟಿಸಿದ್ದೇನೆ. ಕೈಗೆ ಒರಟಾಗಿ ತಾಗುವುದರಿಂದ ಹುಡುಕಬೇಕಿಲ್ಲ. ಬಾಂಗ್ ಕೇಳಿದ ಕೂಡಲೇ ಅದು ನಿಲ್ಲುತ್ತದೆ. ಗಾಜಿನದ್ದು ನನ್ನ ತಂಗಿಯ ಮಗಳ ಪಾಲಾಗಿದೆ. ಕಾಲೇಜಿಗೆ ಹೋಗುವ ಬಸ್ಸಿನಲ್ಲಿ ಅವಳು ಇಂಗ್ಲಿಷ್ ಪಾಠ ಕೇಳುತ್ತಾಳೆ, ಅವಳಿಗೆ ಅದು ಬಹಳ ಚೆನ್ನಾಗಿದೆ.

ಈ ವಿಷಯವನ್ನು ತಮ್ಮನಿಗೆ ಹೇಳಲು ಉಮ್ಮನಿಗೆ ಸಂಕೋಚವಿತ್ತು. ನಾನೇ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂಗಡಿಯಲ್ಲಿ ನಾನು ನನ್ನ ಕೈಯಲ್ಲೇ ಹಿಡಿದು ನೋಡಿದ್ದು" ಎಂದ.

ಫೋನ್ ಮಾಡಿದ ಸಹೋದರಿಯೇ, ನಿಮ್ಮ ತಮ್ಮ ಇನ್ನೂ ಕೊಂಡಿಲ್ಲವಾದರೆ ಅತ್ತೆಯವರನ್ನು ಒಮ್ಮೆ ಕೇಳಿ. ಅವರು ಯಾವ ಕೆಲಸ ಮಾಡುತ್ತಾ ಕೇಳುವುದು ಎಂದು ಮೊದಲು ತಿಳಿದುಕೊಳ್ಳಿ. ಆಮೇಲೆ ದಮ್ಮಾಮಿಗೆ ಫೋನ್ ಮಾಡಿದರೆ ಸಾಕು.